ಬಣ್ಣ ಯಾರದ?

ನಮ್ಮೂರಿನಲ್ಲಿ ಫೋಟೋ ತೆಗೆಸಿಕೊಳ್ಳಲು ಹೋದವರಿಗೆ ಜೈನಾಬಿ ಅಕ್ಕ ಮೊದಲು ಕುರ್ಚಿಯನ್ನೂ ಕೊಡುವುದಿಲ್ಲ, ಬಾಚಣಿಕೆಯನ್ನೂ ಕೊಡುವುದಿಲ್ಲ. ಸ್ಟುಡಿಯೋದ ಬಾಗಿಲಲ್ಲೇ ನಿಲ್ಲಿಸಿ, "ಬಣ್ಣ ಯಾರದ?" ಎಂದು ಕೇಳುತ್ತಾಳೆ. ಉತ್ತರ ಸಿದ್ಧವಿಲ್ಲದವರು ಹೊರಗಿನ ಬೆಂಚಿನ ಮೇಲೆ ಕೂತು, ಜಗಳ ಮುಗಿಸಿಕೊಂಡು ಒಳಗೆ ಬರಬೇಕು. ಆ ಬೆಂಚಿನ ಮೇಲೆ ಮುರಿದುಬಿದ್ದ ನೆಂಟಸ್ತನಗಳು ಬಹಳ. ಕೂಡಿಬಂದವೂ ಒಂದೆರಡು ಇವೆ ಎನ್ನುತ್ತಾರೆ, ನಾನು ನೋಡಿಲ್ಲ.

ಯಾವ ಕ್ಯಾಮೆರಾ ತಂದರೂ, ಎಂಥ ದುಬಾರಿ ಮೊಬೈಲು ಹಿಡಿದರೂ ನಮ್ಮೂರಿನ ಫೋಟೋ ಬೂದಿಬಣ್ಣದ್ದೇ. ಬಣ್ಣ ಇಲ್ಲವೆಂದಲ್ಲ, ಬೂದಿಯ ಪದರದ ಕೆಳಗೆ ಇರುತ್ತದೆ. ಕಂಪ್ಯೂಟರಿನಲ್ಲಿ ಬ್ರಷ್ ಹಿಡಿದು ಆ ಪದರವನ್ನು ಸರಿಸಿದರೆ ಕಾಣುತ್ತದೆ. ಆದರೆ ಒಂದು ಫೋಟೋ ಒಂದೇ ಎಳೆತಕ್ಕೆ ತೆರೆದುಕೊಳ್ಳುತ್ತದೆ. ಮೌಸ್ ಒತ್ತಿ ಶುರುಮಾಡಿದ ಮೇಲೆ ಬೆರಳು ಎತ್ತುವಂತಿಲ್ಲ. ಎತ್ತಿ ಬೇರೆ ಕಡೆ ಇಟ್ಟರೆ ಮೊದಲು ತೆರೆದದ್ದು ಮುಚ್ಚಿಕೊಳ್ಳುತ್ತದೆ. ಅಂಚು ದಾಟಿ ಪಕ್ಕದವರ ಮೊಣಕೈಗೆ ತಾಗಿದರೂ ಮುಚ್ಚಿಕೊಳ್ಳುತ್ತದೆ. ಎಲ್ಲವೂ ಬೇಕೆಂದು ಇಡೀ ಫೋಟೋದ ಮೇಲೆ ದಪ್ಪ ಬ್ರಷ್ ಎಳೆದವರೂ ಉಂಟು. ಬೆರಳೆತ್ತಿದ ಕೂಡಲೇ ಎಲ್ಲವೂ ಬೂದಿ. ಅತಿಯಾಸೆ ಗತಿಗೇಡು ಎನ್ನುವುದನ್ನು ನಮ್ಮೂರಿನ ಮಕ್ಕಳು ಶಾಲೆಗಿಂತ ಮೊದಲು ಸ್ಟುಡಿಯೋದಲ್ಲೇ ಕಲಿಯುತ್ತಾರೆ.

ಹೀಗಾಗಿ ಒಂದು ಫೋಟೋದಲ್ಲಿ ಬಣ್ಣ ಒಬ್ಬರಿಗೆ. ಅದಕ್ಕೆ ಊರು ತನ್ನದೇ ರೂಢಿಗಳನ್ನು ಮಾಡಿಕೊಂಡಿದೆ. ಮದುವೆಯಲ್ಲಿ ಮದುಮಗಳ ಸೀರೆಗೆ, ತೊಟ್ಟಿಲ ದಿನ ಕೂಸಿನ ಕುಲಾವಿಗೆ, ಶಾಲೆಯ ಫೋಟೋದಲ್ಲಿ ಮೊದಲನೇ ನಂಬರಿನವನ ಅಂಗಿಗೆ. ಎರಡನೇ ನಂಬರಿನವನ ತಾಯಿ ಆ ಫೋಟೋವನ್ನು ಗೋಡೆಗೆ ಹಾಕುವುದಿಲ್ಲ. ಉದ್ಘಾಟನೆಗಳಲ್ಲಿ ಗಣ್ಯರು ಯಾರೂ ಒಬ್ಬರಿಗೊಬ್ಬರು ಸೋಲದ ಕಾರಣ ಬಣ್ಣ ರಿಬ್ಬನ್ನಿಗೆ ಹೋಗುತ್ತದೆ. ಕಿರಾಣಿ ಅಂಗಡಿಯ ಶಿವರುದ್ರಪ್ಪನಿಗೆ ಇಬ್ಬರು ಹೆಂಡಿರು. ಆತ ಇಬ್ಬರನ್ನೂ ಅಕ್ಕಪಕ್ಕ ಕೂರಿಸಿಕೊಂಡು, ತನ್ನ ಕೈಯಲ್ಲೊಂದು ಲಿಂಬೆಹಣ್ಣು ಹಿಡಿದು, ಬಣ್ಣ ಲಿಂಬೆಹಣ್ಣಿಗೆ ಎಂದುಬಿಟ್ಟ. ಆ ಫೋಟೋ ಇವತ್ತಿಗೂ ಅವನ ಗಲ್ಲಾಪೆಟ್ಟಿಗೆಯ ಮೇಲಿದೆ, ಇಬ್ಬರು ಹೆಂಡಿರೂ ಇದ್ದಾರೆ, ಮನೆಯಲ್ಲಿ ಶಾಂತಿಯೂ ಇದೆ.

ನಾನು ಕಸ್ತೂರಿ. ಜೈನಾಬಿ ಅಕ್ಕನ ಹತ್ತಿರ ಈ ಕೆಲಸ ಕಲಿಯಲು ಸೇರಿದ್ದು ಹೋದ ವರ್ಷ. ನನಗೆ ತಾಳ್ಮೆ ಕಡಿಮೆ. ಅನ್ನ ಬೇಯುವ ಮೊದಲೇ ಮೂರು ಸಲ ಮುಚ್ಚಳ ತೆಗೆಯುವ ಜಾತಿ ನನ್ನದು. ಅಕ್ಕನಾದರೋ ಮೌಸ್ ಮೇಲೆ ಬೆರಳಿಟ್ಟಳೆಂದರೆ ಹೊರಗೆ ಬ್ಯಾಂಡ್ ಬಾರಿಸಿಕೊಂಡು ಮೆರವಣಿಗೆ ಹೋದರೂ ತಲೆ ಎತ್ತುವುದಿಲ್ಲ. ಒಮ್ಮೆ ಮದುಮಗಳೊಬ್ಬಳ ಜಡೆಯ ಮೊಗ್ಗು ಮಾತ್ರ ತೆರೆಯಬೇಕಿತ್ತು. ಒಂದು ಮೊಗ್ಗಿನಿಂದ ಇನ್ನೊಂದಕ್ಕೆ, ನೂಲಿನಷ್ಟು ಸಂದಿಯಲ್ಲಿ, ಕೂದಲೊಂದನ್ನೂ ತಾಗದೆ ಆಕೆ ಹೋದ ರೀತಿ ನೋಡಿ ನಾನು ಉಸಿರಾಡುವುದನ್ನೇ ಮರೆತಿದ್ದೆ. ಮುಗಿದ ಮೇಲೆ ಬೆರಳೆತ್ತಿ, ಮಣಿಕಟ್ಟು ಒತ್ತಿಕೊಂಡು, "ಚಾ ತರಿಸು" ಎಂದಳು. ಅಷ್ಟೆ. ಅಂಥ ಕೈ ನನಗಿದ್ದಿದ್ದರೆ ನಾನು ಊರೆಲ್ಲ ಡಂಗುರ ಹೊಡೆಸುತ್ತಿದ್ದೆ.

ಆಕೆ ಕಲಿಸಿದ್ದು ಇಷ್ಟು. ಮೂಲ ಫೋಟೋವನ್ನು ಮುಟ್ಟಬಾರದು, ನಕಲು ಮಾಡಿಕೊಂಡು ಅದರ ಮೇಲೆ ಕೆಲಸ ಮಾಡಬೇಕು. ಕಣ್ಣಿಗೆ ಸಾಕಷ್ಟು ಕಾಣುವವರೆಗೆ ದೊಡ್ಡದು ಮಾಡಿಕೊಳ್ಳಬೇಕು. ನಡುವಿನಿಂದ ಶುರುಮಾಡಿ ಅಂಚಿಗೆ ಹೋಗಬೇಕು, ಅಂಚಿನಿಂದ ನಡುವಿಗೆ ಬರಬಾರದು. ಬಟ್ಟೆಯ ಅಂಚಿಗೆ ಗಟ್ಟಿ ಬ್ರಷ್, ಕೂದಲಿಗೆ ಮೆತ್ತನೆಯದು. ಇನ್ನೊಂದು ಮಾತನ್ನು ಆಕೆ ಮತ್ತೆ ಮತ್ತೆ ಹೇಳುತ್ತಿದ್ದಳು: "ನಾವು ಬಣ್ಣ ಹಚ್ಚಾವ್ರಲ್ಲ ತಂಗಿ. ಇದ್ದದ್ದನ್ನ ತೆರ್ಯಾವ್ರು."

ಕಂಪ್ಯೂಟರಿನಲ್ಲಿ ಇನ್ನೊಂದು ಸಾಧನವೂ ಇತ್ತು. ಔಷಧಿಯ ಹನಿ ಹಾಕುವ ಕೊಳವೆಯ ಹಾಗೆ ಅದರ ಚಿತ್ರ. ಅದನ್ನು ಒಂದು ಬಣ್ಣದ ಮೇಲಿಟ್ಟು ಒತ್ತಿದರೆ ಫೋಟೋದಲ್ಲಿ ಅದೇ ಬಣ್ಣ ಎಲ್ಲೆಲ್ಲಿ ಅಡಗಿದೆಯೋ ಅಲ್ಲೆಲ್ಲ ಹುಡುಕಿಕೊಂಡು ಹೋಗುತ್ತದಂತೆ. ಅಕ್ಕ ಅದಕ್ಕೆ ಬೀಡಾಡಿ ಎಂದು ಹೆಸರಿಟ್ಟಿದ್ದಳು. ಒಬ್ಬರ ಹೊಲದಲ್ಲಿ ಬಿಟ್ಟರೆ ಹತ್ತು ಮಂದಿಯ ಹೊಲ ಮೇಯ್ದು ಬರುವ ದನ ಅದು, ಒಂದೇ ಕಡೆ ನಿಲ್ಲದ್ದನ್ನು ನಮ್ಮೂರಿನ ಫೋಟೋ ಯಾವತ್ತೂ ಒಪ್ಪುವುದಿಲ್ಲ, ಮುಟ್ಟಬೇಡ ಎಂದಿದ್ದಳು. ತಾನೂ ಮುಟ್ಟಿರಲಿಲ್ಲ.

ಈಗ ನನ್ನ ದೊಡ್ಡವ್ವನ ವಿಷಯಕ್ಕೆ ಬರುತ್ತೇನೆ. ನನ್ನನ್ನು ಸಾಕಿದವಳು ನನ್ನವ್ವನ ಅಕ್ಕ ದ್ಯಾಮವ್ವ. ಗಂಡ ತೀರಿಕೊಂಡ ಮೇಲೆ ಒಂದು ಹಂಚು, ಒಂದು ಒಲೆ ಇಟ್ಟುಕೊಂಡು ಜೋಳದ ರೊಟ್ಟಿ ಬಡಿದು ಮಾರಲು ಶುರುಮಾಡಿದಳು. ಆಮೇಲೆ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಸೇರಿಕೊಂಡರು. ಈಗ ಬಸ್ ಸ್ಟ್ಯಾಂಡಿನ ಎದುರು ಅವರದೇ ರೊಟ್ಟಿ ಅಂಗಡಿ ಆಗಿದೆ. ದೊಡ್ಡವ್ವ ಬಡಿದ ರೊಟ್ಟಿ ಎತ್ತಿ ಹಿಡಿದರೆ ಆಚೆ ಕಡೆಯ ದೀಪ ಕಾಣುತ್ತದೆ, ಆದರೆ ಹರಿಯುವುದಿಲ್ಲ. ಮಾತು ಮಾತ್ರ ಖಡಕ್ ರೊಟ್ಟಿಯೇ, ಮುಟ್ಟಿದರೆ ಚಟ್ ಅನ್ನುತ್ತದೆ.

ಆಕೆಗೆ ಯಾವ ಫೋಟೋದಲ್ಲೂ ಬಣ್ಣ ಬಂದಿರಲಿಲ್ಲ. ಮದುವೆಯ ದಿನ ಮಾವನ ಮನೆಯವರು ಬಣ್ಣವನ್ನು ಗಂಡಿನ ರುಮಾಲಿಗೆ ಕೊಡಿಸಿದರು. ಆಮೇಲಿನ ಫೋಟೋಗಳಲ್ಲಿ ಬಣ್ಣ ಯಾರದೆಂದು ಕೇಳಿದಾಗಲೆಲ್ಲ ದೊಡ್ಡವ್ವನೇ ಮುಂದಾಗಿ "ಅವರದ", "ಹುಡುಗುರದ" ಎಂದು ಹೇಳಿದಳು. ಗಂಡ ಸತ್ತಾಗ ಗೋಡೆಗೆ ಹಾಕಲು ಬೇರೆ ಫೋಟೋ ಸಿಗದೆ ಮದುವೆಯ ಫೋಟೋವನ್ನೇ ನಡುವೆ ಕತ್ತರಿಸಿ, ರುಮಾಲಿನ ಅರ್ಧಕ್ಕೆ ಕಟ್ಟು ಹಾಕಿಸಿದರು. ಈಕೆಯ ಬೂದಿ ಅರ್ಧ ಟ್ರಂಕಿನ ತಳಕ್ಕೆ ಹೋಯಿತು. ಬಳೆ ಹೋದವು, ಕುಂಕುಮ ಹೋಯಿತು, ಸೀರೆ ಬಿಳಿಯದಾಯಿತು. ಆಮೇಲೆ ಯಾರಾದರೂ ಕೊಡುತ್ತೇವೆಂದರೂ ತೆರೆಯಲು ಆಕೆಯ ಮೈಮೇಲೆ ಬಣ್ಣವೇ ಇರಲಿಲ್ಲ. ಇದನ್ನು ಹೇಳುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ.

ಅಂಗಡಿಯ ಬೋರ್ಡಿಗೆ ಎಲ್ಲರೂ ಇರುವ ಒಂದು ಫೋಟೋ ಬೇಕೆಂದಾದಾಗ ಹೆಂಗಸರು ಜಗಳವಿಲ್ಲದೆ ಬಣ್ಣ ದ್ಯಾಮವ್ವನದು ಎಂದು ತೀರ್ಮಾನಿಸಿದರು. ನಮ್ಮೂರಿನಲ್ಲಿ ಇದು ದೊಡ್ಡ ಸಂಗತಿ. ಆದರೆ ತೆರೆಯುವುದು ಏನನ್ನು? ಪರೀಕ್ಷೆಗೆಂದು ಆಕೆಯದೊಂದು ಫೋಟೋ ತೆಗೆದು ಮುಖ ತೆರೆದು ನೋಡಿದೆವು. ಬೂದಿಯ ನಡುವೆ ಒಂದು ಮುಖ ಮಾತ್ರ ತೇಲುತ್ತ, ಜ್ವರ ಬಂದವಳ ಹಾಗೆ ಕಂಡಿತು. ಬಿಳಿ ಸೀರೆ ತೆರೆದರೂ ಒಂದೇ, ಮುಚ್ಚಿದರೂ ಒಂದೇ. ರೊಟ್ಟಿಯದೂ ಅದೇ ಕಥೆ. ಕೈಯಲ್ಲಿ ಕೆಂಪು ಖಾರದ ಬಟ್ಟಲು ಕೊಡೋಣ ಎಂದರೆ, ಖಾರಕ್ಕೆ ಬಣ್ಣ ಕೊಡುವುದಾದರೆ ಖಾರವನ್ನೇ ನಿಲ್ಲಿಸಿ ತೆಗೆಯಿರಿ, ನಾನು ಯಾಕೆ ಎಂದಳು ದೊಡ್ಡವ್ವ. ಬಣ್ಣದ ಶಾಲು ಹೊದಿಸೋಣ ಎಂದು ಗೌರವ್ವ ಹೇಳಿದಾಗ ದೊಡ್ಡವ್ವ ಕೆಲಸ ನಿಲ್ಲಿಸಿ ಎದ್ದಳು.

"ಹೊದಿಸಿದ್ದು ನಂದಲ್ಲ. ನನ್ನ ಹತ್ರ ಬಣ್ಣ ಇಲ್ಲ, ಮುಗೀತು. ಗೌರವ್ವಗ ಕೊಡ್ರಿ."

ಗೌರವ್ವ ಅಂಗಡಿಯ ವ್ಯವಹಾರ ನೋಡುವವಳು. ದೊಡ್ಡ ದನಿ, ದೊಡ್ಡ ನಗು. ಒಂದೆರಡು ಸಲ ಬೇಡ ಬೇಡ ಎಂದಳು, ಆದರೆ ಮರುದಿನವೇ ಫೋಟೋಗೆಂದು ಗಿಳಿಹಸಿರು ಸೀರೆ ತಂದಳು. ತಪ್ಪೇನಿಲ್ಲ, ಯಾರಾದರೂ ತರುತ್ತಿದ್ದರು. ಆ ಸಂಜೆ ದೊಡ್ಡವ್ವ ಹಂಚು ತೊಳೆಯುತ್ತ ನನ್ನ ಕಡೆ ನೋಡದೆ ಒಂದು ಮಾತು ಹೇಳಿದಳು.

"ನಾಳೆ ನಾ ಸತ್ತ ಮ್ಯಾಲ ಗ್ವಾಡಿಗೆ ಹಾಕ್ತೀರಲ್ಲ, ಅದನ್ನ ನೋಡಿದವ್ರು ಇದು ಯಾರದೋ ನೆಳ್ಳು ಅಂತಾರ ಕಸ್ತೂರಿ. ನನಗ ಅದೊಂದ ಸಂಕಟ."

ನಾನು ಆಕೆಯ ಕೈಯಿಂದ ಹಂಚು ಇಸಿದುಕೊಂಡು ಒರೆಸಿದೆ.

ಫೋಟೋ ತೆಗೆಯುವ ದಿನ ಅಕ್ಕ ಎಲ್ಲರನ್ನೂ ಕೆಲಸ ಮಾಡುತ್ತಿರುವ ಹಾಗೆಯೇ ಕೂರಿಸಿದಳು. ನಡುವೆ ಗೌರವ್ವ ತಕ್ಕಡಿ ಹಿಡಿದು. ಸುತ್ತ ಉಳಿದವರು, ಯಾರು ಹಿಟ್ಟು ನಾದುತ್ತ, ಯಾರು ರೊಟ್ಟಿ ಅಡಕುತ್ತ. ದೊಡ್ಡವ್ವ ತಾನಾಗಿಯೇ ತೀರ ಅಂಚಿಗೆ ಹೋಗಿ ಹಲಗೆಯ ಮುಂದೆ ಕೂತಳು. ಆಕೆ ಯಾವಾಗಲೂ ಸೆರಗನ್ನು ಮುಂಗೈವರೆಗೆ ಹೊದ್ದಿರುತ್ತಾಳೆ, ರೊಟ್ಟಿ ಬಡಿಯುವಾಗ ಮಾತ್ರ ಹಿಂದಕ್ಕೆ ಸಿಕ್ಕಿಸುತ್ತಾಳೆ. ಅಕ್ಕ, ಬಡಿಯುತ್ತಾ ಇರಿ, ನನ್ನನ್ನು ನೋಡಬೇಡಿ ಎಂದಳು. ಫೋಟೋ ಬಂತು, ಎಂದಿನ ಬೂದಿ.

ಗೌರವ್ವನ ಸೀರೆ ತೆರೆಯುವ ಕೆಲಸ ನನಗೆ ಬಂತು. ಅಕ್ಕನ ಮಣಿಕಟ್ಟು ಬಾತುಕೊಂಡಿತ್ತು, ಬಿಸಿನೀರಿನ ಶಾಖ ಕೊಟ್ಟುಕೊಂಡು ಬರುತ್ತೇನೆಂದು ಮನೆಗೆ ಹೋದಳು. ನಾನು ನಕಲು ಮಾಡಿಕೊಂಡು, ದೊಡ್ಡದು ಮಾಡಿಕೊಂಡು, ನಡುವಿನಿಂದ ಶುರುಮಾಡಿದೆ. ಎದೆಯ ಭಾಗ ಸರಾಗವಾಗಿ ಆಯಿತು. ನೆರಿಗೆಗೆ ಬಂದಾಗ ತಕ್ಕಡಿಯ ಸರಪಳಿ ಅಡ್ಡ. ಸರಪಳಿಗೆ ತಾಗಿತು, ಎಲ್ಲ ಮುಚ್ಚಿಕೊಂಡಿತು. ಮತ್ತೆ ಹಿಡಿದೆ. ಪಕ್ಕದವಳ ಮೊಣಕಾಲಿಗೆ ತಾಗಿತು. ಮತ್ತೆ ಹಿಡಿದೆ. ಈ ಸಲ ಎಲ್ಲ ಮುಗಿದು ಸೆರಗಿನ ತುದಿ ಮಾತ್ರ ಉಳಿದಿದೆ ಎನ್ನುವಾಗ ನನಗೆ ಸೀನು ಬಂತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ನಾನು ಮೌಸನ್ನು ಬೈದೆ, ಮೇಜನ್ನು ಬೈದೆ, ಗೌರವ್ವ ಅಷ್ಟೊಂದು ನೆರಿಗೆ ಹಿಡಿದದ್ದನ್ನೂ ಬೈದೆ. ಕೊನೆಗೆ ಬಾಗಿಲ ಕಡೆ ಒಮ್ಮೆ ನೋಡಿ, ಬೀಡಾಡಿಯನ್ನು ಹಿಡಿದು ಗೌರವ್ವನ ಸೀರೆಯ ಮೇಲೆ ಒತ್ತಿಬಿಟ್ಟೆ.

ಅದು ಒಂದು ಪ್ರಶ್ನೆ ಕೇಳಿತು. ಈ ಬಣ್ಣಕ್ಕೆ ಎಷ್ಟು ಹತ್ತಿರದ ಬಣ್ಣಗಳನ್ನು ಕರೆಯಲಿ ಎಂದು. ಅದಕ್ಕೊಂದು ಗೆರೆ, ಗೆರೆಯ ಮೇಲೆ ಸರಿಸುವ ಗುಂಡಿ. ನನಗೇನು ಗೊತ್ತು, ಗುಂಡಿಯನ್ನು ಆಚೆ ತುದಿಯತ್ತ ಜೋರಾಗಿ ತಳ್ಳಿದೆ.

ಸೀರೆ ಒಮ್ಮೆಗೇ ತೆರೆದುಕೊಂಡಿತು, ನೆರಿಗೆ ಸರಪಳಿ ಏನೂ ತಪ್ಪದೆ. ನಾನು ಕುರ್ಚಿಯಲ್ಲೇ ಕುಣಿದೆ. ಆಮೇಲೆ ನೋಡುತ್ತೇನೆ, ಹಸಿರು ಅಲ್ಲಿಗೆ ನಿಂತಿಲ್ಲ. ಹಿಟ್ಟು ನಾದುವ ಬಸಲಿಂಗವ್ವನ ಮುಂಗೈಮೇಲೆ ಹಸಿರು ಚುಕ್ಕೆಗಳು. ಆಕೆಯ ಹಿಂದಿನವಳ ಗಲ್ಲದ ಮೇಲೆ ಒಂದು ಚುಕ್ಕೆ. ಫೋಟೋದ ತೀರ ಅಂಚಿನಲ್ಲಿ, ಮಣಿಕಟ್ಟಿನಿಂದ ಮೊಣಕೈವರೆಗೆ ತುಂಬು ಹಸಿರು. ಮೌಸಿನ ಬೆರಳು ಬಿಡದೆ, ಎಡಗೈಯಿಂದ ಕೀ ಒತ್ತಿ ದೊಡ್ಡದು ಮಾಡಿ ನೋಡಿದೆ. ತುಳಸಿಕಟ್ಟೆ, ಅದರ ಎರಡೂ ಬದಿಗೆ ಗಿಳಿ, ಕೆಳಗೆ ಬಾಲ ಎತ್ತಿದ ಚೇಳು. ದೊಡ್ಡವ್ವನ ಹಚ್ಚೆ.

ಆ ಕೈಯಿಂದ ನಾನು ತುತ್ತು ತಿಂದು ಬೆಳೆದಿದ್ದೇನೆ. ಅದೇ ಕೈಯಿಂದ ಏಟೂ ತಿಂದಿದ್ದೇನೆ. ಹಿತ್ತಲ ಗಿಡ ಮದ್ದಲ್ಲ ಅನ್ನುವ ಹಾಗೆ, ನಿತ್ಯ ನೋಡುತ್ತಿದ್ದುದರಿಂದ ಅದು ಬಣ್ಣ ಎಂದೇ ನನಗೆ ಹೊಳೆದಿರಲಿಲ್ಲ. ನನಗಷ್ಟೇ ಅಲ್ಲ, ಯಾರಿಗೂ ಹೊಳೆದಿರಲಿಲ್ಲ. ನನಗೆ ಅಳು ಬಂತು. ಮೌಸಿನಿಂದ ಬೆರಳೆತ್ತಲು ಹೆದರಿಕೆಯಾಯಿತು, ಎತ್ತಿದರೆ ಎಲ್ಲ ಮುಚ್ಚಿಕೊಳ್ಳುತ್ತದೆ. ಒತ್ತಿ ಹಿಡಿದುಕೊಂಡೇ ಕೂತಿದ್ದೆ, ಅಕ್ಕ ಒಳಗೆ ಬಂದಳು.

ಬೈಗುಳಕ್ಕೆ ಬೆನ್ನು ಸಿದ್ಧಮಾಡಿಕೊಂಡೆ. ಅಕ್ಕ ಪರದೆ ನೋಡಿದಳು, ಬೀಡಾಡಿ ನೋಡಿದಳು, ನನ್ನ ಬೆರಳು ನೋಡಿದಳು. ಪಕ್ಕದಲ್ಲಿ ಕೂತು, "ಎತ್ತು" ಎಂದಳು. ನಾನು ಆಗುವುದಿಲ್ಲ ಎಂದು ತಲೆಯಾಡಿಸಿದೆ. ಅಕ್ಕ ತನ್ನ ಬಾತ ಕೈಯಿಂದಲೇ ನನ್ನ ಬೆರಳನ್ನು ಮೆಲ್ಲಗೆ ಎತ್ತಿದಳು.

ಹಸಿರು ಹಾಗೆಯೇ ಇತ್ತು. ಸೀರೆಯದೂ ಇತ್ತು, ಕೈಗಳದೂ ಇತ್ತು. ಹೊರಗೆ ಒಂದು ಬಸ್ಸು ಹೋಯಿತು, ಇನ್ನೊಂದು ಹೋಯಿತು, ಆಗಲೂ ಇತ್ತು. ಬೇರೆ ಯಾರಾದರೂ ಆಗಿದ್ದರೆ, ಶಿಷ್ಯೆ ತನಗಿಂತ ಮುಂದೆ ಹೋದಳೆಂದು ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದರು, ಇಲ್ಲವೇ ಇದು ತನಗೆ ಮೊದಲೇ ಗೊತ್ತಿತ್ತು ಎನ್ನುತ್ತಿದ್ದರು. ಜೈನಾಬಿ ಅಕ್ಕ ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಹೊಸದಾಗಿ ಕಲಿಯಲು ಬಂದವಳ ಹಾಗೆ ಕೂತಳು.

"ಇದನ್ನ ಹೆಂಗ ಮಾಡಿದಿ, ಮೊದಲಿಂದ ತೋರಸು. ಬೀಡಾಡಿ ಅಂತ ನಾನ ಕಟ್ಟಿಹಾಕಿದ್ನಲ್ಲ, ಪಾಪ."

ತೋರಿಸಿದೆ. ಆಕೆ ಗುಂಡಿಯನ್ನು ಈಚೆ ಎಳೆದು, ಆಚೆ ತಳ್ಳಿ, ಎಷ್ಟಕ್ಕೆ ಎಷ್ಟು ಬರುತ್ತದೆ ಎಂದು ನೋಡಿಕೊಂಡಳು. ಅಷ್ಟರಲ್ಲಿ ಗೌರವ್ವ ಬಂದಳು, ತನ್ನ ಫೋಟೋ ನೋಡಲು. ಬಣ್ಣ ಅವಳದೆಂದು ಊರಿಗೆಲ್ಲ ಗೊತ್ತಾಗಿತ್ತು, ತವರಿಗೂ ಫೋನ್ ಹೋಗಿತ್ತು. ಈಗ ಅದರಲ್ಲಿ ಪಾಲು ಎಂದರೆ ಆಕೆ ಸುಮ್ಮನಿರುತ್ತಾಳೆಯೇ?

ಗೌರವ್ವ ಮೊದಲು ತನ್ನ ಸೀರೆ ನೋಡಿ ಕಣ್ಣರಳಿಸಿದಳು. ಚಲೋ ಬಂದೈತಿ ಎಂದಳು. ಆಮೇಲೆ ಅವಳ ಕಣ್ಣು ಅಂಚಿಗೆ ಹೋಯಿತು, ಅಲ್ಲೇ ನಿಂತಿತು. ಬೇಕಾದರೆ ನಿನ್ನೊಬ್ಬಳದೇ ಇಡುತ್ತೇನೆ, ಬ್ರಷ್ಷಿನಿಂದ ಮತ್ತೆ ತೆರೆದರೆ ಆಯಿತು ಎಂದು ನಾನೇ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಹೇಳಿದೆ. ಆಕೆ ನನ್ನ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

"ನನ್ನ ಸೀರಿ ಹಿಂಗ ಉರಿಯೂವಾಗ ಆ ಹಚ್ಚಿ ಯಾರಿಗೆ ಕಾಣ್ತೈತಿ?" ಎಂದಳು. "ನನಗ ಹಂಚ ಮುಂದ ಕೂಡೂದು ಕಲಿಸಿದ್ದು ಆ ಕೈ. ಸೀರಿ ಮುಚ್ಚವ್ವ ಕಸ್ತೂರಿ. ಬಜಾರಿಗೆ ಉಟ್ಕೊಂಡ ಹೋಗ್ತೀನಿ, ಕಣ್ಣಿದ್ದವ್ರು ಅಲ್ಲೇ ನೋಡ್ಲಿ."

ಹೇಳಿ ಮೂಗು ಒರೆಸಿಕೊಂಡಳು. ಗೌರವ್ವನ ಬಗ್ಗೆ ಅಲ್ಲಿಯವರೆಗೆ ನಾನು ಮಾಡಿದ ಚೇಷ್ಟೆಗಳನ್ನೆಲ್ಲ ಮನಸ್ಸಿನಲ್ಲೇ ವಾಪಸು ತೆಗೆದುಕೊಂಡೆ.

ಈ ಸಲ ಬೀಡಾಡಿಯನ್ನು ದೊಡ್ಡವ್ವನ ಚೇಳಿನ ಮೇಲಿಟ್ಟೆ. ಅಕ್ಕ ಗುಂಡಿಯನ್ನು ಒಂದಿಷ್ಟೇ ಸರಿಸಿದಳು, ಹಚ್ಚೆಯ ಹಸಿರಿಗಷ್ಟೇ ಸಾಕಾಗುವಷ್ಟು. ಒತ್ತಿದೆ. ಸೀರೆ ಬೂದಿಯಾಯಿತು. ಮುದುಕಿಯರ ಕೈಗಳು, ಗಲ್ಲಗಳು ಮಾತ್ರ ಉಳಿದವು, ಎಲ್ಲಕ್ಕಿಂತ ತುಂಬಿಕೊಂಡು ಆ ಅಂಚಿನ ಕೈ. ಫೋಟೋ ಅದೇ, ಕೂತವರು ಅವರೇ, ಆದರೆ ನೋಡಿದವರ ಕಣ್ಣು ಈಗ ನಡುವಿಗೆ ಹೋಗುತ್ತಿರಲಿಲ್ಲ.

ಬೋರ್ಡು ಏರಿಸಿದ ದಿನ ದೊಡ್ಡವ್ವನನ್ನು ರೊಟ್ಟಿ ಬಡಿಯುವಲ್ಲಿಂದಲೇ ಎಬ್ಬಿಸಿಕೊಂಡು ಬಂದೆವು. ಹೊರಗೆ ಬಂದವಳೇ ಅಭ್ಯಾಸದಂತೆ ಸೆರಗನ್ನು ಕೈಮೇಲೆ ಎಳೆದುಕೊಂಡು, ಹಿಟ್ಟಿನ ಕೈಯನ್ನು ಹಣೆಗೆ ಅಡ್ಡ ಹಿಡಿದು ಮೇಲೆ ನೋಡಿದಳು. ಎಲ್ಲರೂ ಗೌರವ್ವನ ಹಸಿರು ಸೀರೆ ಹುಡುಕುತ್ತಿದ್ದರು. ಗೌರವ್ವ ಅದನ್ನೇ ಉಟ್ಟುಕೊಂಡು ಮೆಟ್ಟಿಲ ಮೇಲೆ ನಿಂತಿದ್ದಳು. ದೊಡ್ಡವ್ವ ಬೋರ್ಡು ನೋಡಿದಳು, ತನ್ನ ಕೈ ನೋಡಿಕೊಂಡಳು, ಮತ್ತೆ ಬೋರ್ಡು ನೋಡಿದಳು. ಇದು ಯಾರು ಮಾಡಿದ್ದು ಎಂದು ಕೇಳುತ್ತಾಳೆ, ಬೈಯುತ್ತಾಳೆ, ಅಳುತ್ತಾಳೆ ಎಂದು ನಾವೆಲ್ಲ ಕಾಯುತ್ತಿದ್ದೆವು. ಆಕೆ ಹತ್ತಿರ ನಿಂತಿದ್ದ ನನಗೆ ಮಾತ್ರ ಕೇಳುವ ಹಾಗೆ ಹೇಳಿದಳು.

"ಹಚ್ಚಿ ಚುಚ್ಚೂವಾಗ ನಮ್ಮವ್ವ ಗಟ್ಟಿ ಹಿಡ್ಕೊಂಡ ಕುಂತಿದ್ಲು. ನಾ ಹೊಯ್ಕೋತಿದ್ದೆ. ಅಳಬ್ಯಾಡ, ಇದೊಂದು ಯಾರೂ ತಕ್ಕೊಳ್ಳಾಕ ಬರೂದಿಲ್ಲ ಅಂದಿದ್ಲು. ನಾ ಮರ್ತ ಬಿಟ್ಟಿದ್ದೆ ನೋಡು."

ಸೆರಗನ್ನು ಹಿಂದಕ್ಕೆ ಸಿಕ್ಕಿಸಿಕೊಂಡು, ಒಲೆ ಮೇಲೆ ಹಂಚು ಕಾದಿದೆ ಎಂದು ಒಳಗೆ ಹೋದಳು. ಮತ್ತೆ ಆ ಸೆರಗು ಕೈಮೇಲೆ ಬರಲಿಲ್ಲ.

ಆಮೇಲೆ ಸ್ಟುಡಿಯೋದ ಬೆಂಚಿಗೆ ಬೇರೆಯೇ ಕೆಲಸ ಬಂತು. ಒಂದು ಫೋಟೋದಲ್ಲಿ ಒಂದು ಬಣ್ಣ ಎಲ್ಲರಿಗೂ ಸಲ್ಲುತ್ತದೆ ಎಂದು ಗೊತ್ತಾದ ಮೇಲೆ ಜನ ಅಲ್ಲಿ ಕೂತು, ನಮ್ಮಲ್ಲಿ ಎಲ್ಲರಲ್ಲೂ ಇರುವುದು ಏನು ಎಂದು ಹುಡುಕತೊಡಗಿದರು. ಶಿವರುದ್ರಪ್ಪನ ಹೆಂಡಿರಿಬ್ಬರೂ ಒಂದೇ ಕೆಂಪಿನ ಕುಪ್ಪಸ ಹೊಲಿಸಿಕೊಂಡು ಬಂದರು, ಲಿಂಬೆಹಣ್ಣು ಮನೆಯಲ್ಲೇ ಉಳಿಯಿತು. ಎರಡನೇ ನಂಬರಿನವನ ತಾಯಿ ಹೋದ ವರ್ಷದ ಫೋಟೋ ತಂದು ಇಡೀ ಕ್ಲಾಸಿನ ನೀಲಿ ಚಡ್ಡಿ ತೆರೆಸಿಕೊಂಡು ಹೋದಳು. ಜಗಳಗಳು ಪೂರ್ತಿ ನಿಂತವೆಂದು ಹೇಳಲಾರೆ, ಈಗ ಯಾವ ಬಣ್ಣ ಎಂದು ಆಡುತ್ತಾರೆ. ಬ್ರಷ್ಷಿನ ಕೆಲಸವೂ ನಿಂತಿಲ್ಲ. ಮೊಗ್ಗಿನ ಜಡೆ ತೆರೆಯಲು ಇವತ್ತಿಗೂ ಜೈನಾಬಿ ಅಕ್ಕನೇ ಬೇಕು.

ಶ್ರಾವಣ ಮುಗಿದ ಮೇಲೆ ಒಂದು ಮಧ್ಯಾಹ್ನ ದೊಡ್ಡವ್ವ ಒಬ್ಬಳೇ ಸ್ಟುಡಿಯೋಕ್ಕೆ ಬಂದಳು. ತಲೆಗೆ ಎಣ್ಣೆ ಹಾಕಿ ಬಾಚಿಕೊಂಡಿದ್ದಳು, ಸೀರೆ ಅದೇ ಬಿಳಿಯದು. ಗೋಡೆಗೆ ಹಾಕುವಂಥ ಒಂದು ಫೋಟೋ ಬೇಕು, ಸಾಯುವ ಅವಸರವೇನಿಲ್ಲ, ಮಾಡಿಸಿ ಇಟ್ಟಿರೋಣ ಎಂದಳು. ಅಕ್ಕ ಎದ್ದುನಿಂತು ಬಾಗಿಲಿಗೆ ಹೋದಳು. ಒಬ್ಬಳೇ ಬಂದವಳಿಗೆ ಯಾರೂ ಬಣ್ಣದ ಪ್ರಶ್ನೆ ಕೇಳುವುದಿಲ್ಲ, ಕೇಳುವ ಅಗತ್ಯವೂ ಇಲ್ಲ. ಆದರೂ ಅಕ್ಕ ಬಾಗಿಲಿಗೆ ಅಡ್ಡ ನಿಂತು ಕೇಳಿದಳು.

"ಬಣ್ಣ ಯಾರದ?"

ದೊಡ್ಡವ್ವ ಯಾರ ಹೆಸರಾದರೂ ಸಿಗುತ್ತದೆಯೇ ಎಂಬಂತೆ ಹಳೆಯ ಅಭ್ಯಾಸದಿಂದ ಒಮ್ಮೆ ಅತ್ತಿತ್ತ ನೋಡಿದಳು. ಆಮೇಲೆ ಕೈ ಮುಂದೆ ಚಾಚಿದಳು.

"ನಂದ," ಎಂದಳು.